ಬಲಗಾಲಿಗಾಗಿ ಕಟ್ಟಿದ ಇಂಜಿನ್

ವರ್ನನ್‌ನ ಬಲಗಾಲು ಸತ್ತಿದೆ ಎಂದು ನನಗೆ ಗೊತ್ತಾಗಿದ್ದು ಒಂದು ಬೋಲ್ಟಿನಿಂದ. ನಮ್ಮ ಗ್ಯಾರೇಜಿನಲ್ಲಿ ಕಾದು ಕೆಂಪಗಾಗಿದ್ದ ಬೋಲ್ಟು ಅವನ ಕ್ಯಾನ್ವಾಸ್ ಶೂ ಮೇಲೆ ಬಿತ್ತು. ಬಟ್ಟೆ ಸುಟ್ಟು ಹೊಗೆ ಎದ್ದಿತು. ನನ್ನ ಗಂಡ ರೇಡಿಯೋ ಜೊತೆ ಹಾಡುತ್ತಲೇ ಇದ್ದ.

"ಕಾಲು ಸುಡ್ತಾ ಇದೆ ಕಣೋ!" ಎಂದು ಕಿರುಚಿದೆ.

ಸಕ್ಕರೆ ಕಾಯಿಲೆ. ಎಂಟು ತಿಂಗಳಿಂದ ಪಾದದಲ್ಲಿ ಸ್ಪರ್ಶವೇ ಇಲ್ಲವಂತೆ. "ಯಾರಿಗೂ ಹೇಳ್ಬೇಡ ಲೊರೆಟ್ಟಾ. ಲೈಸೆನ್ಸ್ ಹೋದ್ರೆ ನಾನೇ ಹೋದ ಹಾಗೆ" ಎಂದ. ಮೂವತ್ತೊಂದು ವರ್ಷದಿಂದ ಬೇಕರ್ಸ್‌ಫೀಲ್ಡ್ ಸುತ್ತಮುತ್ತಲ ರೇಸುಗಳಲ್ಲಿ ಅವನು ಕಾರು ಓಡಿಸುವವನು, ನಾನು ಇಂಜಿನ್ ಕಟ್ಟುವವಳು. ಕಾರಿನ ಬಾಗಿಲ ಮೇಲೆ ಅವನ ಹೆಸರು, ಅದರ ಕೆಳಗೆ ನನ್ನದು. ಹೇಳುವುದಿಲ್ಲ ಎಂದೆ. ಆದರೆ ಸುಮ್ಮನೆ ಕೂರುವ ಹೆಂಗಸು ನಾನಲ್ಲ.

ನಮ್ಮ ಇಂಜಿನ್ನಿನ ನೆತ್ತಿಯ ಮೇಲೆ ರೂಟ್ಸ್ ಬ್ಲೋವರ್ ಕೂತಿತ್ತು. ಇಂಜಿನ್ನಿಗೆ ಗಾಳಿ ತುರುಕುವ ಸೂಪರ್‌ಚಾರ್ಜರುಗಳಲ್ಲೇ ಅದು ಮಹಾ ಮುಂಗೋಪಿ. ಪೆಡಲ್ ಒತ್ತಿದರೆ ಸಾಕು, ಇದ್ದಬದ್ದ ಬಲವನ್ನೆಲ್ಲ ಒಂದೇ ಏಟಿಗೆ ಚಕ್ರಕ್ಕೆ ಕೊಡುತ್ತದೆ. ಚಕ್ರ ಜಾರಿದಾಗ ಪೆಡಲನ್ನು ಎಷ್ಟು ಬಿಡಬೇಕೆಂಬುದು ಪಾದಕ್ಕೇ ಗೊತ್ತಾಗಬೇಕು. ಗೊತ್ತಾಗದಿದ್ದರೆ ಕಾರು ನೇರ ಟ್ರ್ಯಾಕಿನ ಪಕ್ಕದ ಗೋಡೆಗೆ. ಟ್ವಿನ್ ಸ್ಕ್ರೂ ಎಂಬ ಇನ್ನೊಂದು ಬಗೆಯದನ್ನು ಹಾಕೋಣವೆಂದರೆ ಅದೂ ಆರಂಭದಿಂದಲೇ ನುಗ್ಗುವ ಜಾತಿ. ಕೊನೆಗೆ ಸೆಂಟ್ರಿಫ್ಯೂಗಲ್ ಬಗೆಯದನ್ನು ತಂದೆ. ಇಂಜಿನ್ನಿನ ಪಕ್ಕದಲ್ಲಿ ಬಸವನಹುಳುವಿನ ಚಿಪ್ಪಿನಂತೆ ಕೂರುವ ಸಾಧು ಅದು. ಇಂಜಿನ್ ವೇಗ ಏರಿದಂತೆಲ್ಲ ಗಾಳಿ ಹೆಚ್ಚಿಸುತ್ತದೆ. ಮೊದಲು ಮೆಲ್ಲಗೆ, ಆಮೇಲೆ ಜೋರು. ಕಾಲು ತಪ್ಪಿದರೂ ಸರಿಮಾಡಿಕೊಳ್ಳಲು ಒಂದು ಗಳಿಗೆ ಸಿಗುತ್ತದೆ. ನನಗೆ ಬೇಕಿದ್ದುದು ಆ ಒಂದು ಗಳಿಗೆ.

ಕಾರಣ ಹೇಳಿದ್ದರೆ ಅವನು ಒಪ್ಪುತ್ತಿರಲಿಲ್ಲ. "ವೇಗದ ತುದೀಲಿ ಅರವತ್ತು ಹಾರ್ಸ್‌ಪವರ್ ಜಾಸ್ತಿ ಬರುತ್ತೆ, ನೋಡು" ಎಂದು ಇಂಜಿನ್ ಪರೀಕ್ಷೆಯ ಕಾಗದ ತೋರಿಸಿದೆ. ಅಂಕಿ ನಿಜವೇ. ಅಂಕಿ ಕಂಡರೆ ಈ ಗಂಡಸರು ಕರಗಿಹೋಗುತ್ತಾರೆ.

ಆದರೆ ನಮ್ಮ ರೇಸಿನ ಉದ್ದ ಒಂದು ಮೈಲಿಯ ಎಂಟನೇ ಒಂದು ಭಾಗ. ಆ ಅರವತ್ತು ಎದ್ದು ಕೂರುವಷ್ಟರಲ್ಲಿ ಓಟವೇ ಮುಗಿದಿರುತ್ತಿತ್ತು. ವರ್ನನ್ ಸಾಲಾಗಿ ಮೂರು ಭಾನುವಾರ ಸೋತ.

"ಏನ್ ಲೊರೆಟ್ಟಾ, ಗಂಡನಿಗೆ ಚರ್ಚಿಗೆ ಹೋಗೋ ಕಾರು ಕಟ್ಕೊಟ್ಟಿದೀಯಾ?" ಎಂದ ಪಕ್ಕದ ಗ್ಯಾರೇಜಿನ ಎಲ್ವುಡ್, ಬಾಯಿತುಂಬ ಸ್ಯಾಂಡ್‌ವಿಚ್ ತುಂಬಿಕೊಂಡು.

ನನ್ನ ಮೈ ಉರಿಯಿತು. ಆದರೆ ನಿಜ ಹೇಳುವಂತಿರಲಿಲ್ಲ. ವರ್ನನ್ ನನ್ನ ಪರವಾಗಿ ಒಂದು ಮಾತು ಆಡಬಹುದಿತ್ತು. ಅವನು ಆಡಿದ್ದು ಇದು: "ಅವಳ ಕೈ ಹೋಯ್ತು ಕಣೋ. ವಯಸ್ಸಾಯ್ತು. ನನ್ನ ಕಾಲೇನೋ ಮೊದಲಿನ ಹಾಗೇ ಇದೆ." ಎಲ್ಲರ ಎದುರಿಗೆ!

ಆ ವಾರ ಕಾರು ಎಲ್ವುಡ್‌ನ ಗ್ಯಾರೇಜಿಗೆ ಹೋಯಿತು. ಭಾನುವಾರ ಮೈದಾನದಲ್ಲಿ ನೋಡುತ್ತೇನೆ, ಹಳೆಯ ರೂಟ್ಸ್ ಮತ್ತೆ ನೆತ್ತಿಗೇರಿದೆ. ಬಾಗಿಲ ಮೇಲಿದ್ದ ನನ್ನ ಹೆಸರನ್ನು ಬ್ಲೇಡಿನಿಂದ ಕೆರೆದು ತೆಗೆದಿದ್ದರು.

"ವರ್ನನ್, ದಮ್ಮಯ್ಯ ಅಂತೀನಿ, ಇದರಲ್ಲಿ ಕೂತ್ಕೋಬೇಡ."

"ಹೋಗೇ, ನಿನಗೆ ಹೊಟ್ಟೆಕಿಚ್ಚು."

ನೇರವಾಗಿ ರೇಸಿನ ತಪಾಸಣೆಯ ಡೇರೆಗೆ ಹೋಗಿ ಅವನ ಕಾಲಿನ ವಿಷಯ ಹೇಳಿಬಿಟ್ಟೆ. ಅಲ್ಲಿನ ಅಧಿಕಾರಿ ಒಚೊವಾ ನಮ್ಮಿಬ್ಬರನ್ನೂ ಬಹಳ ವರ್ಷದಿಂದ ಬಲ್ಲವನು. ವರ್ನನ್‌ನನ್ನು ಕರೆಸಿ ಕುರ್ಚಿಯಲ್ಲಿ ಕೂರಿಸಿ, ಬಲಗಾಲಿನ ಶೂ ಬಿಚ್ಚಿಸಿದ. ಕಾರು ಬಿಟ್ಟು ಎಲ್ವುಡ್ಡೂ ಓಡಿಬಂದ.

"ಕಣ್ಣು ಮುಚ್ಕೋ ವರ್ನನ್. ಪೆನ್ಸಿಲಲ್ಲಿ ಚುಚ್ತೀನಿ. ಗೊತ್ತಾದಾಗ ಹೇಳು, ಅಷ್ಟೇ."

ವರ್ನನ್ ಕಣ್ಣು ಮುಚ್ಚಿದ. ಪಾದದ ಮೇಲಿನ ಸುಟ್ಟ ಕಲೆ ಎಲ್ಲರಿಗೂ ಕಾಣುತ್ತಿತ್ತು.

"ಹಾಂ, ಗೊತ್ತಾಯ್ತು" ಎಂದ. "ಈಗ ಹೆಬ್ಬೆರಳು. ಹಾಂ, ಈಗ ಅಂಗಾಲು, ಸರಿ ತಾನೆ?"

ಒಚೊವಾ ಪೆನ್ಸಿಲನ್ನು ಜೇಬಿನಿಂದ ಇನ್ನೂ ತೆಗೆದೇ ಇರಲಿಲ್ಲ.

ಎಲ್ವುಡ್ ಕೂಡ ತಲೆ ತಗ್ಗಿಸಿದ. ವರ್ನನ್ ಕಣ್ಣು ತೆರೆದು ಆ ಜೇಬನ್ನು ನೋಡಿದ, ಆಮೇಲೆ ನನ್ನನ್ನು.

"ಇಂಜಿನ್ ಕಟ್ಟೋಕೆ ಬರ್ಲಿಲ್ಲ. ಚಾಡಿ ಹೇಳೋಕೆ ಮಾತ್ರ ಚೆನ್ನಾಗಿ ಬಂತು" ಎಂದ.

ಮನೆಗೆ ನಾನೇ ಟ್ರಕ್ ಓಡಿಸಿದೆ. ಅವನ ಬಲಗಾಲಿನ ಶೂ ಡೇರೆಯಲ್ಲೇ ಉಳಿದಿತ್ತು. ತಾನು ಬರಿಗಾಲಲ್ಲಿ ಕೂತಿರುವುದು ಅವನಿಗೆ ತಿಳಿದೇ ಇರಲಿಲ್ಲ. ಈ ಸಲ ನಾನು ಹೇಳಲಿಲ್ಲ.