ಎರಡನೆಯ ಬೀಗದ ಕೈ

ಮೇಕೆಯ ಚರ್ಮವನ್ನು ಅರ್ಧ ಸುಲಿದಿದ್ದ ಎಸೆಗೀಲ್ ಚೂರಿಯನ್ನು ಹಾಗೇ ಹಿಡಿದು ನಿಂತುಬಿಟ್ಟ. ಒಣಗಿದ ಹೊಳೆಯ ಮರಳು ದಾಟಿ ಗಣಿಯ ಬಿಳಿ ಜೀಪೊಂದು ಊರಿನತ್ತ ಏರಿ ಬರುತ್ತಿತ್ತು.

"ಬಂದ ನೋಡಿ. ಅಣ್ಣನ್ನ ನುಂಗಿದ್ದು ಸಾಲ್ದು ಅಂತ ಸಾವಿನ ಊಟಕ್ಕೂ ಬಂದ."

ಜಾಲಿಮರದ ಕೆಳಗೆ ದೊಡ್ಡ ಹಂಡೆಯಲ್ಲಿ ಜೋಳದ ಹಿಟ್ಟು ತಿರುವುತ್ತಿದ್ದ ಹೆಂಗಸರು ತಲೆಯೆತ್ತಿದರು. ಎಸೆಗೀಲ್ ದಾಪುಗಾಲು ಹಾಕಿ ಮನೆಯ ಬಾಗಿಲಿಗೆ ಹೋದ.

ಒಳಗೆ ಅಬ್ನರನ ಶವಪೆಟ್ಟಿಗೆಯ ಪಕ್ಕದಲ್ಲಿ, ನೆಲಕ್ಕೆ ಹಾಸಿದ ಹಾಸಿಗೆಯ ಮೇಲೆ ಫೀನಾ ಕಾಲು ಚಾಚಿ ಕೂತಿದ್ದಳು. ಗಂಡ ಸತ್ತವಳು ಶವ ಮಣ್ಣಿಗೆ ಹೊರಡುವ ತನಕ ಅಲ್ಲಿಂದ ಏಳುವಂತಿಲ್ಲ.

"ಅತ್ತಿಗೆ, ಫಿಲೆಮೋನ್ ಬಂದಿದಾನೆ. ನೀವು ಹ್ಞೂಂ ಅನ್ನಿ, ಹೊಳೆಯಿಂದ ಆಚೆಗೇ ತಿರುಗಿಸ್ತೀನಿ."

"ಮೊದಲು ಆ ಚೂರಿ ಹೊರಗಿಟ್ಟು ಬಾ. ಯಾರ ಮುಂದೆ ನಿಂತಿದೀಯ ನೋಡ್ಕೋ."

ಎಸೆಗೀಲ್ ಪೆಟ್ಟಿಗೆಯತ್ತ ನೋಡಿ ಚೂರಿಯನ್ನು ಬೆನ್ನ ಹಿಂದೆ ಮಾಡಿದ.

"ಗಣಿಯಿಂದ ಬೇರೆ ಯಾರಾದ್ರೂ ಬಂದಿದಾರಾ?" ಫೀನಾ ಕೇಳಿದಳು.

"ಎಲ್ಲಿ ಬರ್ತಾರೆ? ಇವನೊಬ್ಬನೇ."

ಗಣಿಯವರು ಸತ್ತರೆ ಜೊತೆಯವರು ಬಸ್ಸು ಮಾಡಿಕೊಂಡು ಬಂದು, ಕೆಲಸದ ಬಟ್ಟೆಯಲ್ಲೇ ಹೆಗಲು ಕೊಡುವುದು ವಾಡಿಕೆ. ಅಬ್ನರ್ ಎಷ್ಟು ಜನಕ್ಕೆ ಹಾಗೆ ಹೆಗಲು ಕೊಟ್ಟಿದ್ದ! ಇವತ್ತು ಅವನಿಗೆ ಊರಿನ ದನಗಾಹಿಗಳೇ ಗತಿ. ಕಳವಿನ ಗುಮಾನಿಯ ಮೇಲೆ ಗಣಿಯಲ್ಲಿ ನಡೆಯುತ್ತಿದ್ದ ಪರಿಶೀಲನೆಯಲ್ಲಿ ಅವನ ಹೆಸರಿತ್ತು. ಆ ಹೆಸರಿನ ಹತ್ತಿರ ಸುಳಿಯಲು ಎಲ್ಲರಿಗೂ ಹೆದರಿಕೆ.

"ಬರಲಿ," ಅಂದಳು ಫೀನಾ. "ಆದ್ರೆ ನಾನು ಹೇಳೋ ತನಕ ಪೆಟ್ಟಿಗೆ ಮುಟ್ಟೋದು ಬೇಡ."

*

ಗಣಿಯ ಕೊನೆಯ ಕೋಣೆಗೆ ಎರಡು ಬೀಗ. ಕಲ್ಲನ್ನು ಅರೆದು, ಕರಗಿಸಿ, ಒಣಗಿಸಿ ತೆಗೆದ ಯುರೇನಿಯಂ ಪುಡಿ ಡ್ರಮ್ಮುಗಳಲ್ಲಿ ತುಂಬಿಕೊಂಡು ರೈಲು ಹತ್ತುವವರೆಗೂ ಅಲ್ಲೇ ಇರಬೇಕು. ಒಂದು ಬೀಗದ ಕೈ ಅಬ್ನರನ ಬಳಿ, ಇನ್ನೊಂದು ಫಿಲೆಮೋನನ ಬಳಿ. ಒಬ್ಬನೇ ತೆರೆಯುವಂತಿಲ್ಲ, ಒಬ್ಬನೇ ಮುಚ್ಚುವಂತಿಲ್ಲ. ವಿದ್ಯುತ್ತಿಗೆಂದು ಕಡಲಾಚೆ ಹೋಗಬೇಕಾದ ಪುಡಿ ಬಾಂಬು ಮಾಡುವವರ ಕೈಗೆ ಸೇರಬಾರದೆಂದು ಮಾಡಿದ ಕಟ್ಟಳೆ ಅದು.

"ಮನೇಲಿ ಒಬ್ಬಳು, ಗಣೀಲಿ ಒಬ್ಬ. ಇಬ್ಬರ ಅಪ್ಪಣೆ ಇಲ್ದೆ ನಾನು ಒಂದು ಬಾಗಿಲೂ ತೆಗೆಯೋ ಹಾಗಿಲ್ಲ," ಎಂದು ಅಬ್ನರ್ ನಗುತ್ತಿದ್ದ. ಫಿಲೆಮೋನ್ ಉತ್ತರದ ಕಡೆಯವನು, ಬೇರೆ ಭಾಷೆಯವನು. ಮದುವೆಯಾಗುವ ತನಕ ಅವನ ಭಾನುವಾರದ ಊಟವೆಲ್ಲ ಫೀನಾಳ ಒಲೆಯದೇ.

ಫಿಲೆಮೋನನ ಹೆಂಡತಿಗೆ ಹೆರಿಗೆ ನೋವು ಬಂತೆಂದು ಸುದ್ದಿ ಮುಟ್ಟಿದಾಗ ಕೋಣೆಯ ಬಾಗಿಲು ತೆರೆದಿತ್ತು, ಡ್ರಮ್ಮುಗಳನ್ನು ಜೋಡಿಸುವ ಕೆಲಸ ಮುಗಿದಿರಲಿಲ್ಲ. ಬದಲಿ ಆಳು ಬರುವ ಹೊತ್ತಿಗೆ ಏನಾಗಿಬಿಡುತ್ತದೋ ಎಂದು ಅವನು ತೊಳಲಾಡುತ್ತಿದ್ದ. ಅಬ್ನರನೇ ಕೈ ಚಾಚಿ, "ಕೊಡೋ ಇಲ್ಲಿ. ಓಡು," ಎಂದ. ಸಂಜೆ ಎರಡೂ ಬೀಗ ಅವನೊಬ್ಬನೇ ಹಾಕಿದ.

ಹೆಣ್ಣುಮಗು. ಅದಕ್ಕೆ ಫೀನಾಳ ಹೆಸರನ್ನೇ ಇಟ್ಟರು.

ಆಮೇಲೆ ಕಡಲಾಚೆಯ ಕೊಂಡವರು ತೂಕ ಹಾಕಿದಾಗ ಒಂದು ಡ್ರಮ್ಮಿನಷ್ಟು ಪುಡಿ ಕಡಿಮೆ ಬಂತು. ಸರಕಾರ ರಫ್ತನ್ನೆಲ್ಲ ನಿಲ್ಲಿಸಿ ಪರಿಶೀಲನೆಗೆ ಕೂತಿತು. ರಾಜಧಾನಿಯಿಂದ ಅಧಿಕಾರಿಗಳು ಬಂದರು, ವಿಯೆನ್ನಾದಿಂದ ಅಣುಶಕ್ತಿ ಸಂಸ್ಥೆಯ ತಪಾಸಣೆಯವರು ಬಂದರು. ಬೀಗದ ಕೈ ಹಿಡಿದವರನ್ನು ಬೇರೆ ಬೇರೆ ಕೋಣೆಯಲ್ಲಿ ಕೂರಿಸಿ ಕೇಳಿದರು. ಗೇಟಿನ ಯಂತ್ರ ಫಿಲೆಮೋನ್ ಆ ದಿನ ಹೊರಗೆ ಹೋದದ್ದನ್ನು ಹಿಡಿದಿಟ್ಟಿತ್ತು. ಅದನ್ನು ಮುಂದಿಟ್ಟಾಗ ಅವನು ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟ. ಪಕ್ಕದ ಕೋಣೆಯಲ್ಲಿ ಅಬ್ನರ್, ಯಂತ್ರದ ವಿಷಯ ತಿಳಿಯದೆ, "ನಾವಿಬ್ಬರೂ ಒಂದು ದಿನವೂ ಬಿಟ್ಟಿಲ್ಲ ಸ್ವಾಮಿ, ಎರಡೂ ಬೀಗ ಇಬ್ಬರೂ ಸೇರಿಯೇ ಹಾಕಿದ್ದು," ಎನ್ನುತ್ತಿದ್ದ.

ಸುಳ್ಳು ಹೇಳಿದವನು ಪುಡಿಯನ್ನೂ ಮಾರಿರಬಹುದಲ್ಲ! ಅಬ್ನರನನ್ನು ಮನೆಗೆ ಕಳಿಸಿದರು.

"ಯಾಕೆ ಹಾಗಂದೆ?" ಎಂದು ಫೀನಾ ಕೇಳಿದ್ದಳು.

"ಇನ್ನೇನನ್ನಲಿ? ಕೆಲಸ ಹೋದ್ರೆ ಆ ಹಸುಗೂಸು ಎತ್ಕೊಂಡು ಕಂಪೆನಿ ಮನೆಯಿಂದ ಅವನು ಎಲ್ಲಿಗೆ ಹೋಗ್ತಾನೆ? ನಮಗೆ ಮೇಕೆನಾದ್ರೂ ಇದಾವೆ." ಮತ್ತೆ ಹೇಳಿದ್ದ. "ಅವನಿಗೆ ಇದು ಗೊತ್ತಾಗೋದು ಬೇಡ. ಸುಮ್ಮನೆ ಕೊರಗ್ತಾನೆ."

ಅಬ್ನರ್ ಊರಿಗೆ ಬಂದಮೇಲೂ ಕತ್ತಲಿರುವಾಗಲೇ ಎದ್ದು ಗಣಿಯ ಬಟ್ಟೆ ತೊಡುತ್ತಿದ್ದ. ಎಲ್ಲಿಗೂ ಹೋಗುವುದಿಲ್ಲವೆಂದು ನೆನಪಾದಾಗ ಗುಂಡಿಗಳನ್ನು ಒಂದೊಂದಾಗಿ ಬಿಚ್ಚುತ್ತಿದ್ದ. ಮಂಗಳವಾರ ಬಿಚ್ಚಲಿಲ್ಲ. ಮೇಕೆಗಳ ನೀರಿನ ತೊಟ್ಟಿಯ ಮೇಲೆ ಹಾಗೇ ಕುಸಿದಿದ್ದ.

*

ಫಿಲೆಮೋನ್ ಟೋಪಿ ತೆಗೆದು ಬಾಗಿಲಲ್ಲೇ ಮಂಡಿಯೂರಿದ. ಅವನ ಹಿಂದೆ ಎಸೆಗೀಲ್ ಬಂದು ನಿಂತ.

"ಮೆಮೆ ಫೀನಾ," ಎಂದ ಫಿಲೆಮೋನ್. ತಾಯಿಯನ್ನು ಕರೆಯುವ ಅವನ ಸೀಮೆಯ ಮಾತು ಅದು. "ಕಡಿಮೆ ಬಿದ್ದ ತೂಕ ಸಿಕ್ತು, ಮೆಮೆ. ಕೊಂಡವರ ತಕ್ಕಡಿಯದೇ ತಪ್ಪು. ಇಲ್ಲಿಂದ ಒಂದು ಚಿಟಿಕೆಯೂ ಹೋಗಿಲ್ಲ. ನಿನ್ನೆ ಸಂಜೆ ಹೇಳಿದ್ರು. ಇವತ್ತಿಂದ ರೈಲು ಬಿಡ್ತಾರೆ."

"ಹೆಣಕ್ಕೆ ವರದಿ ಒಪ್ಪಿಸೋಕೆ ಬಂದ್ಯಾ?" ಎಸೆಗೀಲ್ ಹಲ್ಲು ಕಚ್ಚಿದ. "ಜೋರಾಗಿ ಹೇಳು. ಮುಚ್ಚಳ ದಪ್ಪ ಇದೆ, ಕೇಳ್ಸಲ್ಲ."

ಫಿಲೆಮೋನ್ ತಿರುಗಿ ನೋಡಲಿಲ್ಲ. "ಒಂದೇ ಒಂದು ಕೇಳ್ಬೇಕು ಮೆಮೆ. ನಿದ್ದೆ ಬರಲ್ಲ ನಂಗೆ. ಅಣ್ಣ ಯಾಕೆ ಸುಳ್ಳು ಹೇಳಿದ? ನಾನು ಹೋಗಿದ್ದು ನಿಜ ಅಂದಿದ್ರೆ ಇಬ್ಬರಿಗೂ ಬೈದು ಬಿಡ್ತಿದ್ರೇನೋ. ನನ್ನಿಂದಾನಾ? ನನಗೋಸ್ಕರನಾ?"

ಫೀನಾಳ ಬಾಯಿಗೆ ಮಾತು ಬಂದು ನಿಂತಿತು. ಹೇಳಿಬಿಟ್ಟರೆ ಹೊರಗೆ ಕೂತ ಊರಿಗೆಲ್ಲ ಗೊತ್ತಾಗುತ್ತದೆ, ತನ್ನ ಗಂಡ ಎಂಥವನೆಂದು. ಈ ಬಾಗಿಲಲ್ಲಿ ಕೂತವನು ಮಾತ್ರ ಅದನ್ನು ಹೊತ್ತು ಬದುಕಬೇಕು. ಮಗಳು ಹುಟ್ಟಿದ ದಿನವನ್ನು ನೆನೆದಾಗಲೆಲ್ಲ ಈ ಪೆಟ್ಟಿಗೆಯನ್ನೂ ನೆನೆಯಬೇಕು. ಹೊರಲಿ, ಎಂದು ಒಂದು ಕ್ಷಣ ಅನ್ನಿಸಿತು. ಯಾಕೆ ಹೊರಬಾರದು?

ಅವನ ಅಂಗಿಯ ಹೆಗಲ ಮೇಲೆ ಎಳೆಮಗು ಕಕ್ಕಿದ ಹಾಲಿನ ಕಲೆ ಒಣಗಿತ್ತು.

"ಮರೆತಿದ್ದ, ಫಿಲೆಮೋನ್," ಅಂದಳು. "ವಯಸ್ಸಾಗಿತ್ತು. ನೀನು ಹೋಗಿದ್ದು ಅವನಿಗೆ ನೆನಪೇ ಇರ್ಲಿಲ್ಲ."

"ಮರೆವಾ?" ಎಸೆಗೀಲ್ ಕೂಗಿದ. "ನಮ್ಮಣ್ಣನಿಗಾ? ಯಾವ ಮರಿ ಯಾವ ಮೇಕೆದು ಅಂತ ಹಟ್ಟಿ ಪೂರ್ತಿ ಹೇಳ್ತಿದ್ದ ಅವನು!"

"ಎಸೆಗೀಲ್."

"ಅಲ್ಲ ಅತ್ತಿಗೆ..."

"ಮರೆತಿದ್ದ ಅಂದೆ ನಾನು. ಅವನ ಜೊತೆ ಮಲಗಿ ಎದ್ದವಳು ನಾನೋ ನೀನೋ?"

ಫಿಲೆಮೋನ್ ಹಣೆಯನ್ನು ಹೊಸ್ತಿಲಿಗೆ ಒತ್ತಿ ಬಹಳ ಹೊತ್ತು ಹಾಗೇ ಇದ್ದ. ನೋಯುತ್ತಿದ್ದ ಹಲ್ಲನ್ನು ಕಿತ್ತಾಗ ಬಿಡುವಂಥ ಉಸಿರೊಂದನ್ನು ಬಿಟ್ಟ. ಅದು ಕಿವಿಗೆ ಬಿದ್ದಾಗ ಫೀನಾಳಿಗೆ ತನ್ನ ಎದೆಯೊಳಗಿನದೇನೋ ಕಿತ್ತುಬಂದಂತಾಯಿತು. ಇನ್ನು ಗಂಡನ ಒಳ್ಳೆಯತನದ ಸುದ್ದಿ ಎತ್ತುವಂತಿಲ್ಲ, ಯಾರ ಮುಂದೆಯೂ.

"ಎದ್ದೇಳು," ಅಂದಳು. "ಹೆಗಲು ಕೊಡು ಹೋಗು. ಮುಂದಿನ ಸಾಲಲ್ಲಿ."

*

ಸ್ಮಶಾನ ರೈಲು ಹಳಿಯ ಪಕ್ಕದ ಬಯಲಿನಲ್ಲಿತ್ತು. ಮರುಭೂಮಿಯ ಬಿಸಿಗಾಳಿ ಬೆಳಗಿನಿಂದ ಬೀಸುತ್ತಿತ್ತು. ಹೆಂಗಸರು ಹಾಡುತ್ತ ಬಂದರು. ಪೆಟ್ಟಿಗೆಯ ಒಂದು ಬದಿಗೆ ಫಿಲೆಮೋನ್, ಇನ್ನೊಂದು ಬದಿಗೆ ಎಸೆಗೀಲ್; ಒಬ್ಬರ ಮುಖ ಒಬ್ಬರು ನೋಡಲಿಲ್ಲ, ಹೆಜ್ಜೆ ಮಾತ್ರ ಕೂಡಿಸಿ ನಡೆದರು. ಪೆಟ್ಟಿಗೆಯನ್ನು ಹಗ್ಗದಲ್ಲಿ ಇಳಿಸಿದರು. ಮೊದಲ ಮಣ್ಣು ಹೆಂಡತಿಯದು. ಫೀನಾ ಬಾಗಿ ಒಂದು ಹಿಡಿ ತುಂಬಿಕೊಂಡು ಗುಂಡಿಯ ಅಂಚಿಗೆ ಬಂದಳು.

ಆಗ ರೈಲು ಕೂಗಿತು.

ಪಾಸ್ಟರು ಪ್ರಾರ್ಥನೆಯನ್ನು ಅರ್ಧಕ್ಕೆ ನಿಲ್ಲಿಸಿದರು. ಸರಕಾರ ಬಿಟ್ಟುಕೊಟ್ಟ ಮೊದಲ ರೈಲು ಬಂದರಿನ ಕಡೆಗೆ ಸಾಗುತ್ತಿತ್ತು. ಡ್ರಮ್ಮು ತುಂಬಿ ಮೊಹರು ಹಾಕಿದ ಪೆಟ್ಟಿಗೆಗಳು ಒಂದರ ಹಿಂದೊಂದು, ಮುಗಿಯಿತು ಎನ್ನುವಷ್ಟರಲ್ಲಿ ಮತ್ತೊಂದು. ನೆಲ ನಡುಗಿತು. ಗುಂಡಿಯ ಅಂಚಿನಿಂದ ಸಣ್ಣ ಕಲ್ಲುಗಳು ಮುಚ್ಚಳದ ಮೇಲೆ ಉದುರಿದವು. ಯಾರೂ ಕದಲಲಿಲ್ಲ. ಫೀನಾ ಕೈಯನ್ನು ಗುಂಡಿಯ ಮೇಲೆ ಚಾಚಿಕೊಂಡೇ ನಿಂತಳು.

ಕೊನೆಯ ಪೆಟ್ಟಿಗೆ ದಾಟಿ ಸದ್ದು ಅಡಗಿದ ಮೇಲೆ ಅವಳು ಮುಷ್ಟಿ ಬಿಚ್ಚಿದಳು. ಒಳಗೆ ಏನೂ ಇರಲಿಲ್ಲ. ಮರಳೆಲ್ಲ ಬೆರಳ ಸಂದಿಯಿಂದ ಗಾಳಿಗೆ ಸೋರಿಹೋಗಿತ್ತು. ಅವಳು ಖಾಲಿ ಅಂಗೈಯನ್ನು ನೋಡುತ್ತ ನಿಂತುಬಿಟ್ಟಳು.

ಫಿಲೆಮೋನ್ ಮಂಡಿಯೂರಿದ. ಎರಡೂ ಕೈಯಲ್ಲಿ ಮರಳು ಬಾಚಿ, ಮೇಲೆತ್ತಿ, ಅವಳ ಅಂಗೈಗೆ ನಿಧಾನವಾಗಿ ಸುರಿಯತೊಡಗಿದ. ತುಂಬಿ ತುಳುಕಿದರೂ ಅವನು ನಿಲ್ಲಿಸಲಿಲ್ಲ. ಅವಳೂ ಕೈ ಹಿಂದಕ್ಕೆಳೆಯಲಿಲ್ಲ.