ಸೀಸದ ಚರ್ಮ

ಶರಣ್ಯಾ ಐದು ವರ್ಷ ಕಂಪ್ಯೂಟರಿನ ಮುಂದೆ ಕೂತು ಲೆಕ್ಕ ಹಾಕಿದ್ದು ಸೀಸದ ಪರಮಾಣುವಿನ ನ್ಯೂಕ್ಲಿಯಸ್ ಬಗ್ಗೆ. ಅದರಲ್ಲಿ ಪ್ರೋಟಾನು ಎಂಬತ್ತೆರಡು, ನ್ಯೂಟ್ರಾನು ನೂರ ಇಪ್ಪತ್ತಾರು. ಹೆಚ್ಚಾದ ನ್ಯೂಟ್ರಾನುಗಳಲ್ಲಿ ಕೆಲವು ಅಂಚಿಗೆ ಸರಿದು ತೆಳ್ಳನೆಯ ಹೊದಿಕೆಯಾಗುತ್ತವೆ. ಅದಕ್ಕೆ ನ್ಯೂಟ್ರಾನ್ ಚರ್ಮ ಎಂದು ಹೆಸರು. ಕೂದಲೆಳೆಯೊಂದನ್ನು ಐವತ್ತು ಸಾವಿರ ಕೋಟಿ ಪದರಗಳಾಗಿ ಸೀಳಿದರೆ ಒಂದು ಪದರ ಎಷ್ಟಿರುತ್ತದೋ, ಹೆಚ್ಚುಕಮ್ಮಿ ಅಷ್ಟು ಅದರ ದಪ್ಪ. ಪ್ರೋಟಾನು, ನ್ಯೂಟ್ರಾನುಗಳ ಸಂಖ್ಯೆ ಸಮವಿಲ್ಲದಿದ್ದರೆ ಪ್ರಕೃತಿ ಎಷ್ಟು ದಂಡ ಹಾಕುತ್ತದೆ, ದ್ರವ್ಯವನ್ನು ಒತ್ತಿ ಒತ್ತಿ ತುಂಬಿದಾಗ ಆ ದಂಡ ಹೇಗೆ ಏರುತ್ತದೆ ಎಂಬುದು ಈ ದಪ್ಪದಿಂದ ತಿಳಿಯುತ್ತದೆ.

ಬೈಂದೂರಿನ ಕಾಲೇಜೊಂದರಲ್ಲಿ ಪಾಠ ಹೇಳುತ್ತಿದ್ದ ಅವಳಿಗೆ ಡಾಕ್ಟರೇಟ್ ಬಂದ ವಾರ, ಊರಿನ ಪತ್ರಿಕೆಯ ವರದಿಗಾರ ಪ್ರವೀಣ್ ಫೋನ್ ಮಾಡಿದ. ಅವಳು ಇದನ್ನೆಲ್ಲ ತಾಳ್ಮೆಯಿಂದ ವಿವರಿಸಿದಳು. ಓದುಗರಿಗೆ ಕಷ್ಟವಾಗಬಾರದೆಂದು ಅವನು ಸೀಸವನ್ನೂ ನ್ಯೂಟ್ರಾನನ್ನೂ ತೆಗೆದುಹಾಕಿದ. ಅಚ್ಚಾದದ್ದು ಇಷ್ಟು: "ಚರ್ಮದ ದಪ್ಪದ ಸಂಶೋಧನೆ: ಉಪನ್ಯಾಸಕಿಗೆ ಡಾಕ್ಟರೇಟ್."

ಕಿರಿಮಂಜೇಶ್ವರದ ಅವಳ ಮನೆಗೆ ಜನ ಬರತೊಡಗಿದರು. ಉಮಾವತಿಯಮ್ಮ ಬೆವರುಸಾಲೆ ಎದ್ದ ಮೊಮ್ಮಗುವನ್ನು ಎತ್ತಿಕೊಂಡು ಬಂದರು. ಸೂರಣ್ಣ ಹುಳುಕಡ್ಡಿ ತೋರಿಸಲು ಅಂಗಿ ಬಿಚ್ಚಿದ. ಶರಣ್ಯಾ ಪ್ರವೀಣನ ಬೆನ್ನು ಹತ್ತಿ ತಿದ್ದುಪಡಿ ಹಾಕಿಸಿದಳು. ಅದು ಐದನೇ ಪುಟದ ಮೂಲೆಯಲ್ಲಿ ಬಂತು: "ಚರ್ಮ ಎಂದಿರುವುದನ್ನು ಸೀಸದ ಚರ್ಮ ಎಂದು ಓದಿಕೊಳ್ಳಬೇಕು." ಔಷಧಿಗೆ ಸೀಸೆ ತರಬೇಕೆಂದು ಇದನ್ನು ಅರ್ಥ ಮಾಡಿಕೊಂಡ ಸೂರಣ್ಣ ಮರುದಿನ ತೊಳೆದ ಬಾಟಲಿ ಹಿಡಿದು ಬಂದ.

ಎಲ್ಲರಿಗಿಂತ ಹೆಚ್ಚು ಪಟ್ಟು ಹಿಡಿದವಳು ಕೊಡೇರಿಯ ಜಲಜ. ಬುಟ್ಟಿ ಹೊತ್ತು ಮನೆಮನೆಗೆ ಮೀನು ಮಾರುವವಳು. ಒಂದು ಭಾನುವಾರ ಅವಳು ಮೂರನೇ ಸಲ ಬಂದಳು.

"ಹ್ವಾಯ್, ಡಾಕ್ಟ್ರಮ್ಮ ಇದ್ರ್ಯಾ?"

"ಜಲಜಕ್ಕ, ನಾನ್ ಆ ಡಾಕ್ಟ್ರ್ ಅಲ್ಲ ಅಂದಿನಲೆ. ಕುಂದಾಪ್ರದ ಆಸ್ಪತ್ರಿಗ್ ಹೋಪುದ್ ಒಳ್ಳೆದ್."

"ಅಲ್ಲಿಗ್ ಹೋರೆ ಎಂತಾಯ್ತ್ ಅಂತ ಬಸ್ಸಿನಗ್ ಇಪ್ಪರೆಲ್ಲ ಕೇಂತ್ರ್. ಮತ್ತ್ ನನ್ ಮೀನ್ ಯಾರ್ ತಕಂತ್ರ್? ನಿಮ್ಮನಿಗ್ ಬಂದ್ರೆ ಮೀನ್ ಕೊಡುಕೆ ಬಂದದ್ ಅಂತ್ರ್."

ಶರಣ್ಯಾ ಸೋತು ಚಾ ತಂದಿಟ್ಟಳು. ಜಲಜ ರವಿಕೆಯ ಉದ್ದ ತೋಳು ಸರಿಸಿ ಮೊಣಕೈ ಕೆಳಗೆ ತೋರಿಸಿದಳು. ಅಂಗೈಯಗಲದ ಒಂದು ಬಿಳಚು ಕಲೆ. ಲೋಟ ಎತ್ತುವಾಗ ಹೊಗೆಯಾಡುವ ಚಾ ತುಳುಕಿ ಆ ಕಲೆಯ ಮೇಲೇ ಚೆಲ್ಲಿತು. ಜಲಜ ಕೈ ಹಿಂತೆಗೆಯಲಿಲ್ಲ. ಸೀರೆಗೆ ತಾಗೀತೆಂದು ಸೆರಗು ಮಾತ್ರ ಸರಿಸಿಕೊಂಡಳು.

"ಬಿಸಿ ತಾಗ್ಲಿಲ್ಯಾ?" ಶರಣ್ಯಾ ಲೋಟವನ್ನು ಅವಳ ಕೈಯಿಂದ ತೆಗೆದಿಟ್ಟಳು.

"ಅಲ್ಲಿ ಎಂತದೂ ಗೊತ್ತಾತಿಲ್ಲೆ. ನೋವಿಲ್ಲೆ, ಒಳ್ಳೆದೇ ಅಲ್ದಾ?"

ಶರಣ್ಯಾ ತನ್ನ ಸಂಶೋಧನೆಯಲ್ಲಿ ಕೈಯಾರೆ ಏನನ್ನೂ ಅಳೆದವಳಲ್ಲ. ಆ ದಿನ ಜಲಜಳಿಗೆ ಕಣ್ಣು ಮುಚ್ಚಲು ಹೇಳಿ, ಹತ್ತಿಯ ಎಳೆಯಿಂದ ತೋಳನ್ನು ಅಲ್ಲಲ್ಲಿ ಮುಟ್ಟಿದಳು. "ಗೊತ್ತಾತ್," "ಗೊತ್ತಾತ್," ಎನ್ನುತ್ತಿದ್ದ ಜಲಜ ಕಲೆಯ ಮೇಲೆ ಮುಟ್ಟಿದಾಗ ಸುಮ್ಮನಾದಳು. ಮಾತು ನಿಂತಲ್ಲೆಲ್ಲ ಶರಣ್ಯಾ ನೀಲಿ ಪೆನ್ನಿನಲ್ಲಿ ಚುಕ್ಕಿ ಇಟ್ಟಳು.

"ನಾಳೆ ಕುಂದಾಪ್ರಕ್ಕೆ ಹೋಪ. ಯಾರಾರು ಕೇಂಡ್ರೆ, ಹುಷಾರಿಲ್ದಿದ್ದದ್ ನಂಗೆ ಅಂತ ಹೇಳ್ತೆ."

ಆಸ್ಪತ್ರೆಯಲ್ಲಿ ಅದು ಕುಷ್ಠರೋಗದ ಶುರು ಎಂದರು. ಆರು ತಿಂಗಳು ಬಿಡದೆ ಮಾತ್ರೆ ನುಂಗಿದರೆ ಗುಣವಾಗುತ್ತದೆ, ಹೆದರಬೇಡಿ ಎಂದರು. ಜಲಜ ಹೊರಗಿನ ಬೆಂಚಿನಲ್ಲಿ ಕೂತು ಬಹಳ ಹೊತ್ತು ಅತ್ತಳು.

ತಿಂಗಳಿಗೊಮ್ಮೆ ಇಬ್ಬರೂ ಬಸ್ಸಿನಲ್ಲಿ ಹೋಗಿಬಂದರು. ಒಮ್ಮೆ ಜಲಜ ಕೇಳಿದಳು: "ನೀವ್ ಕಲ್ತದ್ ಮತ್ತೆ ಎಂತದ್ದ್?" ಸೀಸದ ಜೊತೆ ಕ್ಯಾಲ್ಸಿಯಂ ಪರಮಾಣುವಿಗೂ ಅದೇ ಲೆಕ್ಕ ಹಾಕಿದ್ದನ್ನು ಶರಣ್ಯಾ ಹೇಳಿದಳು.

"ಲೆಕ್ಕ ಸಮ ಬಂತಾ?"

"ಕ್ಯಾಲ್ಸಿಯಮ್ಮಿಗ್ ಬಂತ್. ಸೀಸಕ್ಕ್ ಬರ್ಲಿಲ್ಲೆ. ಹೊರದೇಶದಗೆ ಅಳ್ದ್ ಕಂಡ್ರ್, ನಾನ್ ಹೇಳದ್ದಕ್ಕಿಂತ ದಪ್ಪ ಅಂಬ್ರ್. ಎರಡಕ್ಕೂ ಸಮ ಆಪು ಲೆಕ್ಕ ಸಿಕ್ಕುದೇ ಕಷ್ಟ."

"ಹಂಗಾರೆ ನಿಮ್ಗೆ ಡಾಕ್ಟ್ರ್ ಅಂತ ಕೊಟ್ಟದ್ ಎಂತಕ್ಕೆ?"

"ಎಲ್ಲಿ ತಪ್ಪಿತ್ ಅಂದ್ಹೇಳಿ ಸಮಾ ಬರ್ದ್ ಕೊಟ್ಟದ್ದಕ್ಕೆ."

ಅಷ್ಟರಲ್ಲಿ ಊರಲ್ಲಿ ಸುದ್ದಿ ಹಬ್ಬಿತ್ತು: ಚರ್ಮದ ಡಾಕ್ಟರಿಗೇ ಚರ್ಮದ ಕಾಯಿಲೆಯಂತೆ, ಕುಂದಾಪುರಕ್ಕೆ ಹೋಗಿ ಮದ್ದು ತರುತ್ತಾರಂತೆ. ತಿದ್ದುಪಡಿಯಿಂದ ಆಗದ ಕೆಲಸ ಇದರಿಂದ ಆಯಿತು. ಒಬ್ಬರೂ ಅವಳ ಬಾಗಿಲಿಗೆ ಬರಲಿಲ್ಲ. ಕಾಲೇಜಿನ ಸ್ಟಾಫ್ ರೂಮಿನಲ್ಲಿ ಪಕ್ಕದ ಕುರ್ಚಿ ಕೂಡ ಸ್ವಲ್ಪ ದೂರ ಸರಿಯಿತು. ಶರಣ್ಯಾ ತಿಂಗಳಿಗೊಮ್ಮೆ ಜಲಜಳ ಜೊತೆ ಬಸ್ಸು ಹತ್ತುವುದನ್ನು ಬಿಡಲಿಲ್ಲ.

ಮಾತ್ರೆ ಮುಗಿದ ಮೇಲೆ ಒಂದು ಬೆಳಿಗ್ಗೆ ಜಲಜ ಸೂರಣ್ಣನ ಅಂಗಳದಲ್ಲಿ ಬುಟ್ಟಿ ಇಳಿಸಿದ್ದಳು. ಮೀನು ಆರಿಸುತ್ತಾ ಅವನು ನಕ್ಕ: "ತನ್ನ ಚರ್ಮ ಸಮ ಮಾಡ್ಕಂಬುಕೆ ಆಯ್ಲಿಲ್ಲೆ, ಅದೆಂತ ಡಾಕ್ಟ್ರೊ!"

ಜಲಜ ಸುತ್ತ ನಿಂತವರನ್ನು ಒಮ್ಮೆ ನೋಡಿದಳು. ಆಮೇಲೆ ರವಿಕೆಯ ತೋಳು ಮೇಲೆ ಸರಿಸಿದಳು.

"ಕಾಯ್ಲೆ ಅವ್ರದ್ದಲ್ಲ, ನಂದ್. ಮದ್ದ್ ತಿಂದ್ ಗುಣ ಆಯ್ತ್. ಅವ್ರ್ ನನ್ ಮರ್ಯಾದಿ ಉಳ್ಸುಕೆ ಸುಳ್ ಹೇಳದ್."

ಸೂರಣ್ಣ ಆರಿಸಿದ ಮೀನನ್ನು ಮೆಲ್ಲಗೆ ಬುಟ್ಟಿಗೇ ಬಿಟ್ಟ. ಹತ್ತು ದಿನ ಜಲಜಳಿಂದ ಯಾರೂ ಮೀನು ಕೊಳ್ಳಲಿಲ್ಲ. ಅವಳು ಮಾತ್ರ ದಿನವೂ ಅದೇ ಹೊತ್ತಿಗೆ, ಅದೇ ಮನೆಗಳ ಮುಂದೆ ಕೂಗುತ್ತಾ ಹೋದಳು. ಕೊನೆಗೆ ಶ್ರಾವಣಕ್ಕೆ ಎರಡು ದಿನ ಉಳಿದಿತ್ತು. ಆಮೇಲೆ ತಿಂಗಳಿಡೀ ಮೀನು ತಿನ್ನುವಂತಿಲ್ಲ ಎಂದು ನೆನಪಾದ ಊರಿಗೆ ಕಾಯಿಲೆ ಮರೆತುಹೋಯಿತು. ಮೊದಲು ಪಾತ್ರೆ ಹಿಡಿದು ಬಂದವನು ಸೂರಣ್ಣ.