ಯಾರೂ ಅಳೆಯದ ಎಸೆತ

“ಇನ್ನೊಂದೈದು ನಿಮಿಷ, ಪ್ಲೀಸ್,” ಎಂದು ಕಲ್ಯಾಣಿ, ಮೇಲಿನ ಮನೆಯ ವೆಲ್ಟಾಳ ಚಿತಾಭಸ್ಮದ ಕಲಶಕ್ಕೆ ಕೈಹಾಕಿದ್ದ ಸ್ಮಶಾನದ ನೌಕರನನ್ನು ತಡೆದಳು. ಆತ ಗಡಿಯಾರ ನೋಡಿಕೊಂಡು ಹಿಂದೆ ಸರಿದ. ಜರ್ಮನಿಯ ಯೇನಾ ಊರಿನ ಆ ಪುಟ್ಟ ಸಭಾಂಗಣದಲ್ಲಿ ನಲವತ್ತು ಕುರ್ಚಿಗಳಿದ್ದವು. ಬಂದವರು ಅವಳು ಮತ್ತು ಅವಳ ಗಂಡ ಶರಣಪ್ಪ.

“ಯಾರೂ ಬರಾಂಗಿಲ್ಲ ಬಿಡ,” ಎಂದ ಶರಣಪ್ಪ. “ವೆಲ್ಟಾಗ ಮಕ್ಕಳಿಲ್ಲ, ಮರಿಯಿಲ್ಲ. ಗಂಡ ಹೋಗಿ ಇಪ್ಪತ್ತು ವರ್ಷಾತು. ಕೆಳಗಿನ ಮನಿಯವ್ರು ನಾವರೆ ಬಂದೇವಲ್ಲ?”

“ನಾವು ನೋಡಿದ್ದು ಮುದುಕಿನ್ನ. ಆಕಿ ಡಿಸ್ಕಸ್ ಎಸದದ್ದು ಕಂಡವ್ರು ಒಬ್ಬರರೆ ಬರಬೇಕ್ರಿ. ಅದಕ್ಕಂತನ ಪೇಪರ್‌ನ್ಯಾಗ ಹಾಕ್ಸೇನಿ.”

“ಆಕಿ ಹೋದ್ಲು, ಇನ್ನ ನಿನ್ನ ಉಪ್ಪಿನಕಾಯಿ ಬಾಟ್ಲಿ ಮುಚ್ಚಳ ನಾನ ತಗೀಬೇಕು.”

“ನೀವಾ? ಇಕ್ಕಳ ಹಿಡದು ಬಾಟ್ಲಿನ ಒಡದವ್ರು!”

ಇಬ್ಬರೂ ನಕ್ಕರು. ಖಾಲಿ ಕೋಣೆಯಲ್ಲಿ ನಗು ದೊಡ್ಡದಾಗಿ ಕೇಳಿಸಿತು.

*

ಧಾರವಾಡದಿಂದ ತಂದ ಆ ಬಾಟಲಿ ಹಿಡಿದೇ ಕಲ್ಯಾಣಿ ಮೊದಲ ಸಲ ಮೇಲಿನ ಮನೆಯ ಕದ ತಟ್ಟಿದ್ದಳು. ಎಪ್ಪತ್ತರ ವೆಲ್ಟಾ ಒಂದೇ ತಿರುವಿಗೆ ಮುಚ್ಚಳ ತೆಗೆದಿದ್ದಳು.

ಹರೆಯದಲ್ಲಿ ಲಾಟ್ವಿಯಾದಿಂದ ಚಕ್ರ ಎಸೆತದ ಸ್ಪರ್ಧೆಗೆಂದು ಇದೇ ಊರಿಗೆ ಬಂದವಳಂತೆ. ಕೊನೆಯ ಎಸೆತ ಗುರುತುಗಳನ್ನೆಲ್ಲ ದಾಟಿ, ಮೈದಾನದಂಚಿನ ನಲ್ಲಿಯ ಆಚೆ ಬಿತ್ತು. ಆದರೆ ಕೆಂಪು ಬಾವುಟ ಮೇಲೆದ್ದಿತ್ತು: ಎಸೆಯುವವರು ನಿಲ್ಲುವ ವೃತ್ತವನ್ನು ಅವಳ ಕಾಲು ದಾಟಿದೆ. ಫೌಲ್ ಆದದ್ದನ್ನು ಅಳೆಯುವುದಿಲ್ಲ. ದೇಶದ ತಂಡದಲ್ಲಿ ಅವಳ ಹೆಸರು ಬರಲಿಲ್ಲ. ಆಮೇಲೆ ಇಲ್ಲಿಯವನೊಂದಿಗೆ ಮದುವೆ, ಆಸ್ಪತ್ರೆಯ ಲಾಂಡ್ರಿಯಲ್ಲಿ ಇಪ್ಪತ್ತಾರು ವರ್ಷ.

“ನಿಜವಾಗಿ ದಾಟಿತ್ತಾ?” ಎಂದು ಕಲ್ಯಾಣಿ ಕೇಳಿದ್ದಳು.

“ಡಿಸ್ಕಸ್ ಗಾಳಿಯಲ್ಲಿದ್ದಾಗ ಕಾಲು ಯಾರು ನೋಡ್ತಾರೆ ಹುಡುಗಿ?”

*

ಕಲಶವನ್ನು ಮಣ್ಣಿಗಿಳಿಸುವಾಗ ಮುದುಕರೊಬ್ಬರು ಕೋಲೂರಿಕೊಂಡು ಬಂದರು. ಕೈಯಲ್ಲಿ ಪೇಪರಿನ ತುಂಡಿತ್ತು.

“ಅವರ ಎಸೆತ ನೋಡಿದ್ದೀರಾ?” ಕಲ್ಯಾಣಿ ಜರ್ಮನ್‌ನಲ್ಲಿ ಆಸೆಯಿಂದ ಕೇಳಿದಳು.

“ಅವತ್ತು ಬಾವುಟ ಎತ್ತಿದವನು ನಾನೇ.”

ಕಲಶದ ಮೇಲೆ ಹಾಕಲೆಂದು ಹಿಡಿದಿದ್ದ ಮಣ್ಣನ್ನು ಕಲ್ಯಾಣಿ ಮುಷ್ಟಿಯಲ್ಲಿ ಬಿಗಿಯಾಗಿ ಅದುಮಿದಳು.

“ನಲವತ್ತೈದು ವರ್ಷ ಒಂದ ಊರಾಗಿದ್ದು, ಈಗ ಬಂದಾನ ನೋಡು,” ಶರಣಪ್ಪ ಗೊಣಗಿದ.

ಮುದುಕರಿಗೆ ಕನ್ನಡ ತಿಳಿಯಲಿಲ್ಲ. ಆದರೂ ಅದಕ್ಕೇ ಉತ್ತರವೆಂಬಂತೆ ಹೇಳಿದರು: “ಸಂತೆಯಲ್ಲಿ ಅವರು ಕಂಡರೆ ನಾನು ರಸ್ತೆಯ ಆ ಬದಿಗೆ ಹೋಗ್ತಿದ್ದೆ. ಕಾಲು ದಾಟಿದ್ದು ನಿಜ. ಇಷ್ಟೇ.” ಒಂದು ಬೆರಳಿನ ಅಗಲ ತೋರಿಸಿದರು. “ಕಾಲು ನೋಡೋದೇ ನನ್ನ ಕೆಲಸ. ಜನರೆಲ್ಲ ಎದ್ದು ನಿಂತು ಕೂಗಿದರು. ನಾನು ತಲೆ ಎತ್ತಲಿಲ್ಲ. ಅದು ಎಲ್ಲಿ ಬಿತ್ತೋ, ನಾನು ನೋಡಲೇ ಇಲ್ಲ. ಅವರು ನಿಮಗೆ ಹೇಳಿದ್ದರಾ?”

ಕಲ್ಯಾಣಿ ಬಾಗಿ, ಮಣ್ಣನ್ನು ಕಲಶದ ಮೇಲೆ ಬಿಟ್ಟು, ಕೈ ಒರೆಸಿಕೊಂಡಳು. ಆಮೇಲೆ ಸಮಾಧಿಗಳ ಕೊನೆಯ ಸಾಲಿನಾಚೆ, ನೀರಿನ ಕ್ಯಾನುಗಳನ್ನು ತೂಗುಹಾಕಿದ್ದ ನಲ್ಲಿಯತ್ತ ತೋಳು ಚಾಚಿದಳು.

“ಅಷ್ಟು ದೂರ. ಅದಕ್ಕಿಂತ ಸ್ವಲ್ಪ ಆಚೆ.”

ಮುದುಕರು ಟೋಪಿ ತೆಗೆದರು.

“ಹಾದಿ ಒದ್ದಿ ಐತಿ, ಜಾರ್ಯಾರು. ಹಿಡ್ಕೊಳ್ರಿ ಅವ್ರನ್ನ,” ಎಂದಳು ಕಲ್ಯಾಣಿ.

ಶರಣಪ್ಪ ಮುಂದಾಗುವಷ್ಟರಲ್ಲಿ ಅವರು ನಲ್ಲಿಯತ್ತ ಹೊರಟಿದ್ದರು, ತಲೆಯೆತ್ತಿಕೊಂಡು, ಒಮ್ಮೆಯೂ ಕಾಲ ಕೆಳಗೆ ನೋಡದೆ.